ಬೋನಿಗೆ ಹೇಳಿದ ಉಪಕಾರ

ನಮ್ಮ ಊರಿನಲ್ಲಿ ಮಣ್ಣಿಗೆ ಬಿದ್ದದ್ದನ್ನು ಮತ್ತೆ ಪಡೆಯಬೇಕಾದರೆ ಉಪಕಾರ ಹೇಳಬೇಕು. ಒಂದು ಮಳೆಗಾಲವನ್ನು ಮಣ್ಣಿನೊಳಗೆ ಕಳೆದ ಕಬ್ಬಿಣವಾಗಲಿ, ತಾಮ್ರವಾಗಲಿ, ಹಿತ್ತಾಳೆಯಾಗಲಿ, ಎಳೆದರೆ ಬರುವುದಿಲ್ಲ. ಹಾರೆ ಹಾಕಿ ಮೀಟಿದರೆ ಹಾರೆಯೇ ಬಾಗುತ್ತದೆ. ಆ ವಸ್ತು ಯಾರಿಗಾದರೂ ಮಾಡಿದ ಒಂದು ಒಳ್ಳೆಯದನ್ನು ನೆನೆದು ಮನಸ್ಸಿನಿಂದ ಉಪಕಾರ ಆಯ್ತು ಎಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಬಾಯಿ ತುದಿಯ ಮಾತು ನಡೆಯುವುದಿಲ್ಲ. ನೀರಿನ ಪೈಪು ಒಡೆದಾಗ ಹೊರಗಿನಿಂದ ಬಂದ ಹೊಸ ಇಂಜಿನಿಯರುಗಳು ಮೊದಲು ನಗುತ್ತಾರೆ, ಆಮೇಲೆ ಕೆಲಸದವರ ಮೇಲೆ ರೇಗುತ್ತಾರೆ, ಕೊನೆಗೆ ಪ್ಯಾಂಟು ಮೇಲೆತ್ತಿಕೊಂಡು ಗುಂಡಿಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತಾವು ಆ ದಿನ ಬೆಳಗ್ಗೆ ಮಿಂದ ನೀರನ್ನು ನೆನೆಯುತ್ತಾರೆ. ಹೀಗಾಗಿ ನಮ್ಮಲ್ಲಿ ರಿಪೇರಿ ಸ್ವಲ್ಪ ತಡ. ಆದರೆ ಇಲ್ಲಿ ಕೆಲಸ ಮಾಡಿ ವರ್ಗವಾಗಿ ಹೋದ ಇಂಜಿನಿಯರುಗಳು ಹೆಂಡತಿಯೊಂದಿಗೆ ಜಗಳವಾಡುವುದು ಕಡಿಮೆ ಎಂದು ಕೇಳಿದ್ದೇನೆ.

ಸಂಬಂಧ ಮಾಡುವಾಗಲೂ ಇದೇ ಪರೀಕ್ಷೆ. ಹುಡುಗಿಯ ಕಡೆಯವರು ಜಾತಕ ನೋಡುತ್ತಾರೋ ಇಲ್ಲವೋ, ಹುಡುಗನ ಕೈಯಲ್ಲಿ ಅಂಗಳದ ಒಂದು ಹಳೇ ಮೊಳೆಯನ್ನಂತೂ ಕೀಳಿಸುತ್ತಾರೆ. ನನ್ನನ್ನು ನೋಡಲು ಬಂದ ವಾಮನ ಬಗ್ಗಿ, ಮೊಳೆಯ ತಲೆಗೆ ಬೆರಳು ಮುಟ್ಟಿಸಿ, "ಯಾರ ಮನೆಯ ಮಾಡನ್ನೋ ಗಾಳಿಗೆ ಹಾರದ ಹಾಗೆ ಹಿಡ್ಕೊಂಡಿದ್ದಿ ಅಲ್ವಾ ಮಾರಾಯ, ಉಪಕಾರ ಆಯ್ತು" ಅಂದರು. ಮೊಳೆ ಬಂದೇ ಬಿಟ್ಟಿತು. ಬಾಗಿಲ ಸಂದಿಯಿಂದ ಅವರ ಸ್ವರ ಕೇಳಿದ ನಾನು ಒಳಗೆ ಓಡಿಹೋಗಿ ಅಣ್ಣನಿಗೆ, "ಆಗ್ಬಹುದು ಅಂತ ಹೇಳು" ಎಂದೆ. ಮುಖವನ್ನು ಆಮೇಲೆ ನೋಡಿದ್ದು.

ನಮ್ಮ ಹೊಳೆ ಕಡಲು ಸೇರುವ ಕಡೆ ಒಂದು ಕುದುರು ಉಂಟು. ಸುತ್ತ ನೀರು, ನಡುವೆ ಮರಳು ಮತ್ತು ಹುಲ್ಲು. ಇಳಿತದ ಹೊತ್ತಿಗೆ ಅಗಲವಾಗಿ ಎದ್ದು ಕಾಣುತ್ತದೆ, ಉಬ್ಬರದ ಹೊತ್ತಿಗೆ ಅದರ ಅಂಚೆಲ್ಲ ಮುಳುಗಿ ನಡುವಿನ ದಿಣ್ಣೆ ಮಾತ್ರ ಉಳಿಯುತ್ತದೆ. ಹಿಂದಿನ ಕಾಲದಲ್ಲಿ ಅಲ್ಲಿ ತುಪ್ಪಳದ ಕೋಠಿ ಇತ್ತು. ಚಳಿದೇಶದಿಂದ ಹಡಗಿನಲ್ಲಿ ಬಂದ ಬಿಳಿಯರು ನಮ್ಮವರ ಕೈಯಿಂದ ನೀರುನಾಯಿಯ ತೊಗಲು ಕೊಂಡು, ಹೊರೆ ಕಟ್ಟಿ, ಸೀಸದ ಮುದ್ರೆ ಒತ್ತಿ ಸಾಗಿಸುತ್ತಿದ್ದರು. ಬದಲಿಗೆ ಕೊಡುತ್ತಿದ್ದದ್ದು ಕೊಡಲಿ, ಸೂಜಿ, ತಾಮ್ರದ ಕೆಟಲು. ಹೊಳೆಯಲ್ಲಿ ನೀರುನಾಯಿ ಮುಗಿದ ವರ್ಷ ಕೋಠಿಯೂ ಮುಗಿಯಿತು. ಗೋಡೆಗಳನ್ನು ನೆರೆ ಒಯ್ದಿತು. ಉಳಿದದ್ದು ಮರಳೊಳಗಿನ ಲೋಹ ಮಾತ್ರ. ನಮ್ಮ ಮಣ್ಣಿನಲ್ಲಿ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಬಿದ್ದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಕೋಟಿನ ಗುಂಡಿ, ಸೀಸದ ಮುದ್ರೆ, ಕೋವಿಯ ಗುಂಡು, ಹೊಲಿಗೆಯವನ ಬೆರಳಟೋಪಿ, ಇಂಥವನ್ನು ಹುಡುಕಿ ತೆಗೆದು ದೂರದೂರಿನ ಆಸಕ್ತರಿಗೆ ಮಾರುವುದು ನಮ್ಮಲ್ಲಿ ಹಲವು ಮನೆಗಳ ಕೆಲಸ. ಹುಡುಕುವುದಕ್ಕೆ ಡಿಟೆಕ್ಟರು ಬೇಕು. ನಾವು ಅದನ್ನು ಮಿಶನು ಎನ್ನುತ್ತೇವೆ. ಉದ್ದನೆಯ ಕೋಲು, ತುದಿಯಲ್ಲಿ ರೊಟ್ಟಿಯ ಕಾವಲಿಯಂಥ ಒಂದು ತಟ್ಟೆ, ಕಿವಿಗೆ ಎರಡು ಬಟ್ಟಲು. ಮರಳ ಮೇಲೆ ಬೀಸಿಕೊಂಡು ಹೋದರೆ ಕೆಳಗೆ ಲೋಹವಿದ್ದಲ್ಲಿ ಅದು ಕೂಗುತ್ತದೆ. ಕೋಟಿನ ಗುಂಡಿಗೆ ಹಕ್ಕಿಮರಿಯಂತೆ, ಕೊಡಲಿಗೆ ಕರುವಿನಂತೆ.

ಒಂದನ್ನು ಮಾತ್ರ ಯಾರೂ ತೆಗೆಯುತ್ತಿರಲಿಲ್ಲ. ಅದು ಹಲ್ಲುಬೋನು. ಎರಡು ಕಬ್ಬಿಣದ ದವಡೆ, ಸಾಲುಸಾಲು ಹಲ್ಲು, ನಡುವಿನ ಹಲಗೆಯನ್ನು ಮುಟ್ಟಿದರೆ ಟಪ್ಪೆಂದು ಮುಚ್ಚಿಕೊಳ್ಳುವಂಥದ್ದು. ನೀರುನಾಯಿಗಳನ್ನು ಮುಗಿಸಿದ್ದು ಅದೇ. ಅದಕ್ಕೆ ಯಾವ ಉಪಕಾರ ಹೇಳುವುದು? ಅದರ ಕೂಗು ಕೇಳಿದರೆ ಅಲ್ಲೊಂದು ಕೋಲು ನೆಟ್ಟು ಮುಂದೆ ಹೋಗುತ್ತಿದ್ದೆವು.

ಮದುವೆಯಾದ ಮೇಲೆ ವಾಮನ ನನಗೂ ಮಿಶನು ಹಿಡಿಯಲು ಕಲಿಸಿದರು. ಅವರು ಕಾಮಾಲೆಯಲ್ಲಿ ತೀರಿಕೊಂಡಾಗ ಮಿಶನು ನನ್ನ ಪಾಲಿಗೆ ಬಂತು. ಮನೆಯಲ್ಲಿ ಉಳಿದದ್ದು ನಾನು ಮತ್ತು ಮಾವ. ಮಾವನ ಹೆಸರು ದೂಮಣ್ಣ. ಮೊದಲು ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ವಾಮನರಿಗೆ ಕಾಯಿಲೆಯಾದಾಗ ನಾಟಿ ಮದ್ದು ಸಾಕು ಎಂದು ಮಾವ, ಪಟ್ಟಣದ ಆಸ್ಪತ್ರೆಗೆ ಹೋಗುವ ಎಂದು ನಾನು. ನನ್ನ ಮಾತು ನಡೆಯಿತು. ಆಸ್ಪತ್ರೆಯಿಂದ ಅವರು ಹಿಂದೆ ಬರಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿದ ಕೆಲವು ದಿನಗಳಲ್ಲಿ ಮಾವ ನನ್ನೊಡನೆ ಮಾತು ನಿಲ್ಲಿಸಿದರು. ಬೇರೆಯವರೊಡನೆ ಮಾತಾಡುತ್ತಿದ್ದರು, ಆದರೆ ನಾನು ಹತ್ತಿರ ಬಂದರೆ ಅದೂ ಪಿಸುಮಾತಾಗುತ್ತಿತ್ತು. ನನಗೆ ಕೈಸನ್ನೆ, ತಲೆಯಲ್ಲಾಡಿಸುವುದು, ಅಷ್ಟೆ. ಒಲೆಗೆ ಸೌದೆ ಇರುತ್ತಿತ್ತು, ಹಂಡೆಯಲ್ಲಿ ನೀರು ತುಂಬಿರುತ್ತಿತ್ತು, ನಾನು ಮಿಶನು ತೆಗೆದರೆ ಹಾರೆ ಹೆಗಲಿಗಿಟ್ಟು ಹಿಂದೆಯೇ ಬರುತ್ತಿದ್ದರು. ಮಾತು ಮಾತ್ರ ಇಲ್ಲ. ಮರಳಲ್ಲಿ ಏನಾದರೂ ಸಿಕ್ಕಾಗ ನನಗೆ ಬೆನ್ನು ಹಾಕಿ ಕೂತು, ತುಟಿಯಲ್ಲೇ ಉಪಕಾರ ಹೇಳಿ ತೆಗೆದುಕೊಡುತ್ತಿದ್ದರು. ಮಗನ ಸಾವನ್ನು ನನ್ನ ತಲೆಗೆ ಕಟ್ಟಿದ್ದಾರೆ ಎಂದು ನಾನು ತಿಳಿದೆ. ಸಿಟ್ಟು ಬರಲಿಲ್ಲ. ಮಗನನ್ನು ಕಳೆದುಕೊಂಡವರು ಯಾರನ್ನಾದರೂ ದೂರಲೇಬೇಕಲ್ಲ.

ಆದರೂ ಮೌನದ ಮನೆಯಲ್ಲಿ ಬದುಕುವುದು ಒದ್ದೆ ಬಟ್ಟೆ ಉಟ್ಟುಕೊಂಡು ಬದುಕಿದ ಹಾಗೆ. ನನ್ನ ಅಣ್ಣ ಶೀನ ಎರಡು ಸಲ ಬಂದು ಕರೆದ. ಅವನದು ಪಕ್ಕದ ಊರಿನಲ್ಲಿ ಬೇಕರಿ. "ಇಲ್ಲಿ ನಿಂಗೆ ಎಂತ ಉಂಟು ಗುಲಾಬಿ? ನಮ್ಮೊಟ್ಟಿಗೆ ಬಾ. ಅಂಗಡಿಗೆ ಒಂದು ಜನ ಬೇಕೇ ಬೇಕು" ಎಂದ. ಎರಡನೆಯ ಸಲ ನಾನು ಒಪ್ಪಿಕೊಂಡೆ. ಮರಳಿನ ಕೆಲಸ ನಿಲ್ಲುವ ಹೊತ್ತಿಗೆ, ಮಳೆಗೆ ಮುಂಚೆ ಬರುತ್ತೇನೆ ಎಂದೆ. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಮಾವನಿಗೆ ಅದು ಕೇಳಿಸಿತು. ಅವರ ಸೂಜಿ ಒಮ್ಮೆ ನಿಂತು ಮತ್ತೆ ನಡೆಯಿತು.

ಆ ದಿನ ನಾವು ಇಳಿತ ನೋಡಿಕೊಂಡು ಬೆಳಗ್ಗೆಯೇ ಕುದುರಿಗೆ ಹೋದೆವು. ದೋಣಿಯ ಹಸನಬ್ಬ ನಮ್ಮನ್ನು ಇಳಿಸಿ, ತಾನು ಅಲ್ಲೇ ಸ್ವಲ್ಪ ಕೆಳಗೆ ಮರುವಾಯಿ ಚಿಪ್ಪು ಹೆಕ್ಕಲು ಹೋದ. ಪಡುವಣ ಅಂಚಿನಲ್ಲಿ, ನೀರು ಈಗಷ್ಟೇ ಬಿಟ್ಟುಹೋದ ಮೆತ್ತನೆ ಮರಳಿನಲ್ಲಿ, ಮಿಶನು ಹಸಿದ ಎಮ್ಮೆಯ ಹಾಗೆ ಗಟ್ಟಿಯಾಗಿ ಕೂಗಿತು. ಮಾವ ಅಗೆದರು. ತಾಮ್ರದ ಒಂದು ಕೆಟಲು ಕಂಡಿತು, ಹೊಳೆಯುವಂಥದ್ದು, ಮೂತಿ ಕೂಡ ನೆಟ್ಟಗಿತ್ತು. ಮಾವ ಎಂದಿನಂತೆ ನನಗೆ ಬೆನ್ನು ಹಾಕಿದರು. ಚಳಿಯಲ್ಲಿ ಬಂದವರಿಗೆ ಬಿಸಿನೀರು ಕೊಟ್ಟದ್ದನ್ನು ನೆನೆದಿರಬೇಕು. ಕೆಟಲು ಬಂತು. ಅದಕ್ಕೆ ಮುಚ್ಚಳ ಇರಲಿಲ್ಲ. ಮಾವ ಕೆಟಲನ್ನು ನನ್ನ ಕೈಗೆ ಕೊಟ್ಟು, ಮುಚ್ಚಳ ಕೆಳಗಿರಬಹುದೇ ಎಂದು ಗುಂಡಿಯೊಳಗೆ ತೋಳಿನ ತನಕ ಕೈ ಹಾಕಿ ತಡಕಿದರು.

ಟಪ್ಪೆಂದು ಒಂದು ಸದ್ದು ಬಂತು. ದೊಡ್ಡ ಸದ್ದಲ್ಲ. ಮಾವನ ಮುಖ ಬೂದಿಯಂತಾಯಿತು. ಬಾಯಿ ತೆರೆದುಕೊಂಡಿತ್ತು, ಕೂಗು ಹೊರಡಲಿಲ್ಲ. ನಾನು ಕೆಟಲನ್ನು ಎಸೆದು ಮರಳನ್ನು ಬಾಚಿದೆ. ಕೆಟಲಿನ ಅಡಿಯಲ್ಲೇ ಹಲ್ಲುಬೋನು ಕೂತಿತ್ತು. ಕೆಟಲಿನ ದೊಡ್ಡ ಕೂಗಿನಲ್ಲಿ ಇದರ ಕೂಗು ನನಗೆ ಕೇಳಿಸಿರಲಿಲ್ಲ. ನಿನ್ನೆ ಎಣ್ಣೆ ಹಚ್ಚಿ ಇಟ್ಟ ಹಾಗಿತ್ತು. ಮಾವನ ಮಣಿಕಟ್ಟು ದವಡೆಯ ನಡುವೆ ಸಿಕ್ಕಿಕೊಂಡು ಮರಳು ಕೆಂಪಾಗುತ್ತಿತ್ತು. ಸೆರಗನ್ನು ಹರಿದು ತೋಳಿಗೆ ಬಿಗಿದು ಕಟ್ಟಿ, ದವಡೆಯನ್ನು ಬಿಡಿಸಲು ನೋಡಿದೆ. ಬಂಡೆಯ ಎರಡು ತುಟಿಗಳನ್ನು ಬಿಡಿಸಲು ಹೊರಟ ಹಾಗಾಯಿತು. ಮಣ್ಣಿನಲ್ಲಿದ್ದಷ್ಟು ಹೊತ್ತು ಅದು ಮಣ್ಣಿನದೇ.

ನನ್ನ ಕೂಗಿಗೆ ಹಸನಬ್ಬ ಓಡಿಬಂದ. ನೋಡಿದವನೇ, "ಯಾ ಅಲ್ಲಾ" ಎಂದು ತಲೆಯ ಮುಂಡಾಸು ತೆಗೆದ. "ಗುಲಾಬಿಯಕ್ಕ, ನೀರು ಏರ್ಲಿಕ್ಕೆ ಸುರು ಆಗ್ತದೆ ಈಗ. ನಾನು ಆಚಾರ್ರನ್ನು ಕರ್ಕೊಂಡು ಬರ್ತೇನೆ. ನೀವು ಇವರನ್ನು ಬಿಟ್ಟು ಏಳ್ಬೇಡಿ" ಎಂದು ದೋಣಿಗೆ ಹಾರಿದ. ಅವನು ಕಮ್ಮಾರ ಮೋನಪ್ಪ ಆಚಾರಿಯನ್ನು ಕರೆತರುವಷ್ಟರಲ್ಲಿ ನೀರು ಗುಂಡಿಯ ಬಾಯಿ ಮುಟ್ಟಿತ್ತು. ಮಾವ ಮೊಣಕಾಲೂರಿ ಕೂತಿದ್ದರು, ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ಆನಿಸಿಕೊಂಡಿದ್ದೆ. ಆಗಲೂ ಅವರು ಮಾತಾಡಲಿಲ್ಲ.

ಆಚಾರಿ ಸನ್ನೆಕೋಲು ಹಾಕಿದರು, ಅದು ಬಾಗಿತು. ಗರಗಸ ಹಾಕಿದರು, ಗರಗಸದ ಹಲ್ಲೇ ಉದುರಿತು. ಆಮೇಲೆ ಕೈಮುಗಿದು ಕೂತರು. "ನಿನ್ನನ್ನು ಬಡಿದು ಮಾಡಿದವ ನಮ್ಮ ಜಾತಿಯ ಕೆಲಸದವ. ಅವನ ಮಕ್ಕಳಿಗೆ ನಿನ್ನಿಂದ ಊಟ ಆಯ್ತು. ಉಪಕಾರ ಆಯ್ತು" ಎಂದರು. ಬೋನು ಅಲುಗಲಿಲ್ಲ. ಆಚಾರಿ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಜ ಹೇಳ್ಬೇಕಾದ್ರೆ ನಂಗೆ ಹಾಂಗೆ ಅನ್ನಿಸುದೇ ಇಲ್ಲಮ್ಮ. ಇಂಥದ್ದನ್ನು ಮಾಡಿದವನ ಕೈ ಯಾವ ಕೈಯೋ" ಎಂದರು. ಹಸನಬ್ಬ ತನ್ನ ಹಿರಿಯರು ಕೋಠಿಗೆ ತೊಗಲು ಸಾಗಿಸಿ ಅಕ್ಕಿ ತಂದದ್ದನ್ನು ಹೇಳಿದ. ಅದೂ ಸಾಲಲಿಲ್ಲ. ಅವನ ಕಣ್ಣು ಮಾವನ ಕೈಯ ಮೇಲೆಯೇ ಇತ್ತು; ಅದನ್ನು ನೋಡುತ್ತ ಬೋನಿಗೆ ಒಳ್ಳೆಯದನ್ನು ಹೇಳುವುದಾದರೂ ಹೇಗೆ? ನಾನೂ ಹೇಳಿದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಚಳಿದೇಶದ ಯಾವುದೋ ಮಗುವಿನ ತಲೆಗೆ ತುಪ್ಪಳದ ಟೋಪಿಯಾಯಿತಲ್ಲ, ಉಪಕಾರ. ಕೆಟ್ಟ ಕಾಲದಲ್ಲಿ ನಮ್ಮವರ ಗಂಜಿಗೆ ದಾರಿಯಾಯಿತಲ್ಲ, ಉಪಕಾರ. ಹೆದರಿಕೆಯಿಂದ ಹೇಳಿದ ಉಪಕಾರವನ್ನು ಮಣ್ಣು ಕೇಳಿಸಿಕೊಳ್ಳಲಿಲ್ಲ.

ನೀರು ನನ್ನ ಸೊಂಟಕ್ಕೆ, ಬಗ್ಗಿ ಕೂತಿದ್ದ ಮಾವನ ಎದೆಗೆ ಬಂತು. ಆಚಾರಿ ತಮ್ಮ ಚೀಲದಿಂದ ಕತ್ತಿ ತೆಗೆದು, ಬಟ್ಟೆ ಸುತ್ತಿ ಮತ್ತೆ ಚೀಲಕ್ಕಿಟ್ಟು, ಮತ್ತೆ ತೆಗೆದರು. "ದೂಮಣ್ಣ," ಎಂದರು, "ಬೇರೆ ದಾರಿ ಕಾಣುದಿಲ್ಲ." ಮಾವ ತಲೆಯಾಡಿಸಿದರು. ಕಡಿಯಿರಿ ಎಂದು ಎಡಗೈಯಿಂದ ಸನ್ನೆ ಮಾಡಿದರು. ನಾನು ಆಚಾರಿಯ ಕೈ ಹಿಡಿದೆ. "ಬೇಡ. ಇನ್ನೊಂದು ಗಳಿಗೆ. ಬೇಡ."

ಆಗ ಹಿಂದಿನಿಂದ ಯಾರೋ "ಗುಲಾಬೀ" ಎಂದು ಕರೆದರು.

ವಾಮನ. ನನ್ನ ಮೈಯೆಲ್ಲ ಅತ್ತ ತಿರುಗಿತು. ಅದೇ ಸ್ವರ, ಕೊನೆಯನ್ನು ಸ್ವಲ್ಪ ಎಳೆದು ಮೇಲಕ್ಕೆ ಬಿಡುವುದೂ ಅದೇ. ತಿರುಗಿದರೆ ನೀರಿನಲ್ಲಿ ಮಾವ ಇದ್ದರು. ನನ್ನ ಮುಖದಲ್ಲಿ ಏನು ಕಂಡಿತೋ, ಅವರು ಕಣ್ಣು ಮುಚ್ಚಿಕೊಂಡರು.

"ನೋಡು, ಇದಕ್ಕೇ," ಎಂದರು. "ಇದಕ್ಕೇ ನಾನು ಮಾತಾಡ್ಲಿಲ್ಲ ಮಗಾ."

ಹಸನಬ್ಬ ಅವರನ್ನು ಹಿಡಿದುಕೊಂಡ. ಮಾವ ಉಸಿರು ತೆಗೆದು ತೆಗೆದು ಹೇಳಿದರು. "ಬೊಜ್ಜ ಕಳೆದ ಮೇಲೆ ಒಂದು ದಿನ ಅಂಗಳದಿಂದ ನಿನ್ನನ್ನು ಕರೆದೆ. ಬಟ್ಟೆ ಒಣಗ್ಲಿಕ್ಕೆ ಹಾಕಿದ್ದಿ, ಮಳೆ ಬರ್ತಿತ್ತು. ಗುಲಾಬೀ ಅಂದೆ. ನೀನು ಒಳಗಿಂದ ಓಡಿ ಬಂದಿ. ನಗ್ತಾ ಬಂದಿ. ಬಾಗ್ಲಲ್ಲಿ ನನ್ನನ್ನು ನೋಡಿದ್ದೇ ತಡ, ನಿನ್ನ ಮುಖ..." ಅವರು ನೀರನ್ನು ನೋಡಿದರು. "ನಂದೂ ಅವಂದೂ ಒಂದೇ ಸ್ವರ ಅಂತ ಊರೆಲ್ಲ ಹೇಳ್ತಿತ್ತು. ನಂಗೆ ಅದು ಹೆಮ್ಮೆ ಇತ್ತು. ಆವತ್ತು ಗೊತ್ತಾಯ್ತು, ನಾನು ಬಾಯಿ ಬಿಟ್ಟಾಗೆಲ್ಲ ನೀನು ಅವನನ್ನು ಒಮ್ಮೆ ಕಳ್ಕೊಳ್ತಿ ಅಂತ. ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಬಾಯಿ ಬಿಡ್ಬೇಕಾಗ್ತದೆ ಹೇಳು. ಅದಕ್ಕೆ ಬಿಡುದೇ ಬೇಡ ಅಂತ ಮಾಡಿದೆ."

"ಆಸ್ಪತ್ರೆಗೆ ಕರ್ಕೊಂಡು ಹೋದೆ ಅಂತ ಸಿಟ್ಟು ಅಲ್ವಾ ನಿಮ್ಗೆ?" ಎಂದು ಕೇಳಿದೆ.

"ಎಂತ ಸಿಟ್ಟು? ನೀನು ಕರ್ಕೊಂಡು ಹೋದ್ದಕ್ಕೆ ಅವನಿಗೆ ನೋವು ಕಮ್ಮಿ ಆಯ್ತು. ಇಲ್ಲಿದ್ದಿದ್ರೆ ನರಳಿ ಸಾಯ್ತಿದ್ದ. ನಾನು ನಿಂಗೆ ಅದನ್ನು ಹೇಳ್ಬೇಕಿತ್ತು, ಹೇಳ್ಳಿಲ್ಲ. ನೀನು ಅಣ್ಣನ ಮನೆಗೆ ಹೋಗು, ಅದು ಒಳ್ಳೇದೇ. ಆದ್ರೆ ಮುದುಕ ಸಿಟ್ಟಲ್ಲಿ ಬಾಯಿ ಕಟ್ಕೊಂಡಿದ್ದ ಅಂತ ಎಣಿಸ್ಕೊಂಡು ಹೋಗ್ಬೇಡ. ಅಷ್ಟೇ. ಆಚಾರ್ರೇ, ಇನ್ನು ಕಡಿಯಿರಿ."

ಆಚಾರಿ ಕತ್ತಿ ಹಿಡಿದುಕೊಂಡು ನಿಂತಿದ್ದರು. ಅವರ ಗಡ್ಡದಲ್ಲಿ ನೀರು ಇಳಿಯುತ್ತಿತ್ತು. ಹೊಳೆಯ ನೀರು ಅಷ್ಟು ಮೇಲಕ್ಕೆ ಬಂದಿರಲಿಲ್ಲ. ನಾನು ನೀರೊಳಗೆ ಕುಸಿದು ಕೂತು ಎರಡೂ ಕೈಗಳಿಂದ ಬೋನನ್ನು ತಬ್ಬಿಕೊಂಡೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬೋನನ್ನು ಬಿಡಿಸಬೇಕು ಎನ್ನುವುದೂ ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಎರಡು ವರ್ಷ ಒಂದೇ ಮಾಡಿನ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ, ಕಾಯುತ್ತಿದ್ದೇವೆಂದು ತಿಳಿಯದೆ ಕಳೆದದ್ದು ಮಾತ್ರ ಎದೆಯಲ್ಲಿತ್ತು.

"ನೀನು ಎಷ್ಟು ಜೀವ ತಿಂದಿದ್ದಿಯೋ," ಎಂದೆ. "ಅದಕ್ಕೆ ನಾನು ಉಪಕಾರ ಹೇಳುದಿಲ್ಲ. ಹೇಳಿದ್ರೆ ಸುಳ್ಳಾಗ್ತದೆ. ಆದ್ರೆ ಇವತ್ತು ನೀನು ಇವರನ್ನು ಹಿಡಿದು ಕೂರಿಸಿದ್ದಿ. ಇಲ್ಲದಿದ್ರೆ ಇವರು ಬಾಯಿ ಬಿಡ್ತಿರ್ಲಿಲ್ಲ. ನಾನು ಇವರನ್ನು ತಪ್ಪು ತಿಳ್ಕೊಂಡೇ ಬಸ್ಸು ಹತ್ತಿ ಹೋಗ್ತಿದ್ದೆ, ಸಾಯುವವರೆಗೂ ತಪ್ಪೇ ತಿಳ್ಕೊಂಡಿರ್ತಿದ್ದೆ. ನಂಗೆ ಮಾವನನ್ನು ಕೊಟ್ಟಿ. ಉಪಕಾರ ಆಯ್ತು ಮಾರಾಯ, ದೊಡ್ಡ ಉಪಕಾರ ಆಯ್ತು."

ಬೋನು ನನ್ನ ಕೈಗಳಲ್ಲಿ ಹಗುರಾಯಿತು. ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ, ಸರಪಳಿಯ ಸಮೇತ ನೀರಿನ ಮೇಲೆ ಬಂತು. ಬೋನು ಮಣ್ಣು ಬಿಟ್ಟಿತೆಂದು ಮೊದಲು ಅರಿತವರು ಆಚಾರಿ. "ಹಸನಬ್ಬ, ಆಚೆ ಸ್ಪ್ರಿಂಗು ಅದುಮು!" ಎಂದು ಕೂಗಿ, ಇಬ್ಬರೂ ಸೇರಿ ಅದನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದು, ಎರಡೂ ಕಡೆಯ ಸ್ಪ್ರಿಂಗುಗಳನ್ನು ಅದುಮಿದರು. ದವಡೆ ತೆರೆಯಿತು. ಮಾವ ಒಂದು ಸಲ ಜೋರಾಗಿ ಕೂಗಿ ನನ್ನ ಹೆಗಲಿಗೆ ಒರಗಿದರು. ಆ ಕೂಗು ವಾಮನರದ್ದಾಗಿರಲಿಲ್ಲ. ಅಂಥ ಕೂಗನ್ನು ವಾಮನ ಎಂದೂ ಕೂಗಿದ್ದಿಲ್ಲ. ಅದು ಪೂರ್ತಿಯಾಗಿ ಮಾವನದೇ ಆಗಿತ್ತು.

ಕೈ ಉಳಿಯಿತು. ಎಲುಬು ಬಿರಿದಿತ್ತು, ಎರಡು ಬೆರಳು ಮಡಚುವುದಿಲ್ಲ, ಬಲೆ ಹೊಲಿಯಲು ಆಗುವುದಿಲ್ಲ. ಡಾಕ್ಟರು, "ಸ್ವಲ್ಪದರಲ್ಲಿ ಉಳೀತು ನೋಡಿ, ನೀವು ತೋಳಿಗೆ ಬಟ್ಟೆ ಕಟ್ಟಿದ್ದು ಒಳ್ಳೇದಾಯ್ತು" ಎಂದರು. ಬೋನನ್ನು ಆಚಾರಿ ಕೇಳಿದರು, ಕೊಟ್ಟೆವು. ಅವರು ಅದನ್ನು ಕುಲುಮೆಗೆ ಹಾಕಿ ನಮ್ಮ ಕೇರಿಯ ಸರಕಾರಿ ಬಾವಿಗೆ ರಾಟೆಯ ಕೊಕ್ಕೆ ಮಾಡಿಕೊಟ್ಟರು. ಸುದ್ದಿ ಹರಡಿ ಎಷ್ಟೋ ಜನ ನನ್ನನ್ನು ಕೇಳಲು ಬಂದರು, ಬೋನಿಗೆ ಏನು ಹೇಳಿದರೆ ಬರುತ್ತದೆ ಎಂದು. ನನಗೆ ಹೇಳಿಕೊಡಲು ಆಗಲಿಲ್ಲ. ನಾನು ಹೇಳಿದ್ದು ನನ್ನ ಬೋನಿಗೆ ಮಾತ್ರ ಸಲ್ಲುವಂಥದ್ದು.

ಮನೆಗೆ ಬಂದ ಮೊದಲ ದಿನಗಳು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾವ ನೀರು ಕೇಳಿದರೆ ನಾನು ವಾಮನರೆಂದೇ ತಿರುಗಿಬಿಡುತ್ತಿದ್ದೆ. ಅದು ಅವರಿಗೂ ತಿಳಿಯುತ್ತಿತ್ತು. ಮಾತನ್ನು ಅರ್ಧಕ್ಕೇ ನುಂಗುತ್ತಿದ್ದರು. "ಮಾತಾಡಿ ಮಾವ," ಎನ್ನುತ್ತಿದ್ದೆ, "ನಂಗೆ ಅಭ್ಯಾಸ ಆಗ್ಲಿ." ಅವರು ಮಾತಾಡಿದರು. ಎರಡು ವರ್ಷದ ಮಾತು ಕೂಡಿಟ್ಟದ್ದು ಇತ್ತಲ್ಲ, ಕಟ್ಟೆ ಒಡೆದ ಹಾಗೆ ಬಂತು. ಕಡವಿನ ಕಥೆ, ಅತ್ತೆಯನ್ನು ಮದುವೆಯಾದ ಕಥೆ, ಹಸನಬ್ಬನ ಅಪ್ಪ ಮೊಸಳೆಗೆ ದೋಣಿಯ ಹುಟ್ಟಿನಿಂದ ಹೊಡೆದ ಕಥೆ. ಕೇಳುತ್ತ ಕೇಳುತ್ತ ಆ ಸ್ವರದೊಳಗೆ ನನಗೆ ವ್ಯತ್ಯಾಸ ಕೇಳಿಸತೊಡಗಿತು. ವಾಮನರ ಮಾತು ಓಟದ್ದು, ಮಾವನದು ಹುಟ್ಟು ಹಾಕುವವನ ಮಾತು, ಪ್ರತಿ ಎಳೆತಕ್ಕೂ ಒಂದು ನಿಲುಗಡೆ. ಒಂದು ಬೆಳಗ್ಗೆ ಅವರು ಹಿತ್ತಿಲಿನಿಂದ ಕರೆದಾಗ ನನಗೆ ಮಾವ ಕರೆದ ಹಾಗೆಯೇ ಕೇಳಿಸಿತು. ಸ್ವಲ್ಪ ಹೊತ್ತು ಬೇಸರವಾಯಿತು. ಆಮೇಲೆ ಹೋಗಿ ಏನೆಂದು ವಿಚಾರಿಸಿದೆ. ಹರಿವೆ ಸೊಪ್ಪಿಗೆ ಹುಳ ಬಿದ್ದಿತ್ತು.

ಮಳೆಗೆ ಮುಂಚೆ ಶೀನಣ್ಣ ನನ್ನನ್ನು ಕರೆದೊಯ್ಯಲು ಬಂದ. ಬೇಕರಿಯ ಬನ್ನಿನ ದೊಡ್ಡ ಪೊಟ್ಟಣ ಹಿಡಿದುಕೊಂಡು, ಹೇಗೆ ಮಾತು ಶುರುಮಾಡುವುದೆಂದು ತಿಳಿಯದೆ ಜಗಲಿಯ ತುದಿಯಲ್ಲಿ ಕೂತ. ಮಾವ ಅವನಿಗೆ ಮಾತಾಡಲು ಎಡೆಯೇ ಕೊಡಲಿಲ್ಲ. ಕೊನೆಗೆ ತಾವೇ, "ನಿಮ್ಮ ತಂಗಿಯನ್ನು ಕೇಳಿ ಶೀನಣ್ಣ. ಅವಳು ಎಲ್ಲಿ ಇದ್ರೆ ಸುಖವೋ ಅಲ್ಲಿರ್ಲಿ. ನನ್ನ ಕೈಯ ಲೆಕ್ಕ ಹಿಡೀಬೇಡಿ, ಎಡಗೈಯಲ್ಲಿ ಉಣ್ಲಿಕ್ಕೆ ಕಲ್ತಿದ್ದೇನೆ" ಎಂದರು. ನಾನು ಹಬ್ಬಕ್ಕೆ ಬರುತ್ತೇನೆ ಎಂದೆ. "ಹಬ್ಬಕ್ಕೆ ಮಾತ್ರವಾ?" ಎಂದ ಅಣ್ಣ. "ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಬರ್ತೇನೆ. ಮಾವನನ್ನೂ ಕರ್ಕೊಂಡು ಬರ್ತೇನೆ, ಅವರ ಮಾತು ಕೇಳ್ಲಿಕ್ಕೆ ನಿನ್ನ ಅಂಗಡಿಯಲ್ಲಿ ಜನ ಇರ್ತಾರಲ್ಲ" ಎಂದೆ. ಅಣ್ಣ ನನ್ನನ್ನೂ ಮಾವನನ್ನೂ ಒಮ್ಮೆ ನೋಡಿ, ಹೊಟ್ಟೆ ಸವರಿಕೊಂಡು, "ಹಾಗಾದ್ರೆ ಊಟ ಹಾಕು" ಎಂದ.

ಕುಚ್ಚಿಲಕ್ಕಿ ಗಂಜಿ, ಮರುವಾಯಿ ಸುಕ್ಕ, ಹರಿವೆ ಪಲ್ಯ. ಇಬ್ಬರಿಗೂ ಬಡಿಸಿ ನಾನು ಕಂಬಕ್ಕೆ ಒರಗಿ ಕೂತೆ. ಮಾವ ಎಡಗೈಯಲ್ಲಿ ಚಮಚ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿದರು. ಮೂಗು ಮುರಿದರು.

"ಎಂತದಿದು ಗುಲಾಬಿ, ಗಂಜಿಗೆ ಉಪ್ಪೇ ಇಲ್ವಲ್ಲ? ಹೀಗೆ ಮಾಡಿದ್ರೆ ಮನುಷ್ಯ ಉಣ್ಣುದು ಹೇಗೆ?"

ಅಣ್ಣ ನನಗೆ ಬೇಸರವಾಯಿತೋ ಎಂದು ಗಾಬರಿಯಿಂದ ನನ್ನ ಮುಖ ನೋಡಿದ. ಎರಡು ವರ್ಷ ನಾನು ಮಾಡಿದ ಅಡುಗೆಗೆ ಯಾರೂ ಒಂದು ಕೊರತೆ ಹೇಳಿರಲಿಲ್ಲ. ಸೀದರೂ ತಟ್ಟೆ ಖಾಲಿ, ಖಾರವಾದರೂ ಖಾಲಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಉಪ್ಪಿನ ಮರಿಗೆಯನ್ನು ತರಲು ಒಳಗೆ ಹೋದೆ. ಮಾವ ಹಿಂದಿನಿಂದ, "ಉಪ್ಪಿನಕಾಯಿಯೂ ತಾ" ಎಂದು ಕೂಗುತ್ತಿದ್ದರು.